ಕೊಸರಿಲ್ಲದ ಸಂತೆ

ಸುಗ್ಗಿ ಮುಗಿದು ಕಣದ ಕಾಳು ಚೀಲ ಸೇರುವ ಹೊತ್ತಿಗೆ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ಬಸ್ ನಿಲ್ದಾಣಗಳ ಚಹರೆ ಬದಲಾಗುತ್ತದೆ. ರಾತ್ರಿ ಬೆಂಗಳೂರಿಗೆ ಹೊರಡುವ ಬಸ್ಸಿನ ಸುತ್ತ ಜೋಳದ ಹಿಟ್ಟಿನ ಗಂಟು, ಹಾಸಿಗೆಯ ಸುರುಳಿ, ಪ್ಲಾಸ್ಟಿಕ್ ಕೊಡಗಳು. ಅವುಗಳ ಮೇಲೆ ನಿದ್ದೆಗಣ್ಣಿನ ಮಕ್ಕಳು. ಈ ಸೀಮೆಯಲ್ಲಿ ಇದಕ್ಕೆ ಗುಳೆ ಎಂದು ಹೆಸರು. ತುಂಗಭದ್ರೆ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಅಂಚಿನಲ್ಲೇ ಹರಿದರೂ ಈ ಐದು ತಾಲ್ಲೂಕುಗಳ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ಮಳೆ ಕೈಕೊಟ್ಟ ವರ್ಷ ಚಿಕ್ಕಮಗಳೂರಿನ ಕಾಫಿ ತೋಟ, ಮಂಡ್ಯದ ಕಬ್ಬಿನ ಗದ್ದೆ, ಬೆಂಗಳೂರಿನ ಗಾರೆ ಕೆಲಸ ಕೈಬೀಸಿ ಕರೆಯುತ್ತವೆ.

ಹೊಸ ಊರಿನಲ್ಲಿ ಮೊದಲ ಕೆಲವು ವಾರ ತಗಡಿನ ಶೆಡ್ಡು, ನೀರಿನ ಕೊಳಾಯಿ, ಮೇಸ್ತ್ರಿಯ ಬಟವಾಡೆ ಇವುಗಳ ಚಿಂತೆಯಲ್ಲೇ ಕಳೆದುಹೋಗುತ್ತವೆ. ಆಮೇಲೊಂದು ಭಾನುವಾರ ಮಕ್ಕಳ ಪ್ರಶ್ನೆ ಬರುತ್ತದೆ: 'ಇಲ್ಲಿ ನೋಡಾಕ ಏನೈತಿ?' ಊರಿನಲ್ಲಾದರೆ ಈ ಪ್ರಶ್ನೆಗೆ ಉತ್ತರ ಸಿದ್ಧವಿತ್ತು. ವಾರಕ್ಕೊಂದು ಸಂತೆ, ವರ್ಷಕ್ಕೊಂದು ಜಾತ್ರೆ. ಬೆಂಗಳೂರಿನಲ್ಲಿ ಉತ್ತರವನ್ನು ಮಕ್ಕಳೇ ಕಂಡುಕೊಂಡಿರುತ್ತವೆ. ಶೆಡ್ಡಿನಿಂದ ಕೆಲಸದ ಸೈಟಿಗೆ ಹೋಗುವ ದಾರಿಯಲ್ಲಿ ರಾತ್ರಿಯೆಲ್ಲ ಝಗಝಗಿಸುವ ಗಾಜಿನ ಕಟ್ಟಡವೊಂದು ಅವುಗಳ ಕಣ್ಣಿಗೆ ಬಿದ್ದಿರುತ್ತದೆ. ಅದೇ ಮಾಲು.

ಇದೇ ಸೀಮೆಯಿಂದ ಓದಿ, ಎಂಜಿನಿಯರಾಗಿ, ದುಬೈಗೋ ಅಮೆರಿಕಕ್ಕೋ ಹಾರಿದ ಕುಟುಂಬಗಳದ್ದೂ ಮೊದಲ ತಿಂಗಳಲ್ಲಿ ಇದೇ ಕಥೆ ಎಂಬುದು ಸೋಜಿಗದ ಸಂಗತಿ. ಬೇಸಿಗೆಯ ದುಬೈಯಲ್ಲಿ ಹಗಲು ಹೊತ್ತು ಮಗುವನ್ನು ಹೊರಗೆ ಆಡಲು ಬಿಡುವಂತಿಲ್ಲ. ಮಿನೆಸೋಟಾದ ಚಳಿಗಾಲದಲ್ಲಿ ಮೂಗಿನ ತುದಿ ಮರಗಟ್ಟುತ್ತದೆ. ಪರಿಚಯದವರಿಲ್ಲ, ಕಾರು ಇನ್ನೂ ಕೊಂಡಿಲ್ಲ, ಮಗುವಿಗೆ ಆ ಊರಿನ ಭಾಷೆಯೂ ಬಾರದು. ಇಂಥ ಸ್ಥಿತಿಯಲ್ಲಿ ಟಿಕೆಟ್ ಕೇಳದೆ ಒಳಗೆ ಬಿಡುವ, ಹದವಾದ ಹವೆ ಇರುವ, ಕುಡಿಯುವ ನೀರು, ಶೌಚಾಲಯ, ಕೂರಲು ಬೆಂಚು ಇರುವ ಜಾಗ ಒಂದೇ. ದುಬೈಯಲ್ಲಿ 1981ರಲ್ಲಿ ಅಲ್ ಘುರೇರ್ ಸೆಂಟರ್, 1995ರಲ್ಲಿ ದೇರಾ ಸಿಟಿ ಸೆಂಟರ್ ತೆರೆದಾಗಿನಿಂದ ಅಲ್ಲಿನ ಭಾರತೀಯ ಕುಟುಂಬಗಳ ವಾರದ ರಜೆ ಕಳೆದದ್ದು ಹೆಚ್ಚಾಗಿ ಇಂಥ ಕಡೆಗಳಲ್ಲೇ. 2008ರಲ್ಲಿ ತೆರೆದ ದುಬೈ ಮಾಲ್‌ನಲ್ಲಿ ಮೂರಂತಸ್ತಿನಷ್ಟು ಎತ್ತರದ ಗಾಜಿನ ಹಿಂದೆ ಶಾರ್ಕ್‌ಗಳೂ ತಿರಣಿ ಮೀನುಗಳೂ ಈಜುತ್ತವೆ. ಅದನ್ನು ಮುಂದಿನಿಂದ ನಿಂತು ನೋಡುವುದಕ್ಕೆ ಕಾಸಿಲ್ಲ. ಒಂದು ರೂಪಾಯಿಯನ್ನೂ ಬಿಚ್ಚದೆ ಮೂರು ತಾಸು ಮಗುವನ್ನು ರಮಿಸಬಹುದಾದ ಜಾಗ ಎಂಬ ಲೆಕ್ಕವನ್ನು ತಗಡಿನ ಶೆಡ್ಡಿನ ತಾಯಿಯೂ ಹದಿನೆಂಟನೇ ಮಹಡಿಯ ತಾಯಿಯೂ ಒಂದೇ ರೀತಿಯಲ್ಲಿ ಹಾಕುತ್ತಾರೆ. ಲೆಕ್ಕ ತಪ್ಪುವುದೂ ಇಬ್ಬರಿಗೂ ಒಂದೇ ರೀತಿಯಲ್ಲಿ. ಅದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಮಾಲನ್ನು ಕಟ್ಟಿದವನ ಕಥೆ ತಿಳಿಯಬೇಕು.

ಆತನೂ ಒಬ್ಬ ವಲಸಿಗ. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿದಾಗ ಜೀವ ಉಳಿಸಿಕೊಂಡು ನ್ಯೂಯಾರ್ಕ್ ಸೇರಿದ. ಕಿಸೆಯಲ್ಲಿ ಎಂಟು ಡಾಲರ್ ಇತ್ತು, ಇಂಗ್ಲಿಷ್ ಇರಲಿಲ್ಲ ಎಂದು ಆತನ ಬಗ್ಗೆ ಹೇಳುವುದುಂಟು. ಅಮೆರಿಕದ ಹೊಸ ಬಡಾವಣೆಗಳನ್ನು ಕಂಡು ಆತನಿಗೆ ಉಸಿರು ಕಟ್ಟಿತು. ಮನೆಯಿಂದ ಕಾರು, ಕಾರಿನಿಂದ ಅಂಗಡಿ, ಅಂಗಡಿಯಿಂದ ಮತ್ತೆ ಕಾರು. ನಾಲ್ಕು ಜನ ಎದುರಾಗಿ ನಿಂತು ಮಾತಾಡುವ ಚೌಕವೇ ಇಲ್ಲ. ತನ್ನೂರಿನ ಚೌಕ, ಕಾಫಿ ಅಂಗಡಿ, ಕಾರಂಜಿ, ಅಡ್ಡಾಡುವ ಮಕ್ಕಳು ಮರಿ ಇವನ್ನೆಲ್ಲ ಒಂದೇ ಚಾವಣಿಯಡಿ ಕಟ್ಟಿಕೊಡಬೇಕೆಂದು ಆತ ಹೊರಟ. 1956ರ ಅಕ್ಟೋಬರಿನಲ್ಲಿ ಮಿನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿ ತೆರೆದ ಸೌತ್‌ಡೇಲ್, ಪೂರ್ಣವಾಗಿ ಚಾವಣಿ ಹೊದೆಸಿ ಹವಾನಿಯಂತ್ರಣ ಮಾಡಿದ ಮೊದಲ ದೊಡ್ಡ ಮಾಲು. ಅಲ್ಲಿ 72 ಅಂಗಡಿಗಳಿದ್ದವು, ನಡುವೆ ಕಾರಂಜಿ, ಮರ, ಪಂಜರದಲ್ಲಿ ಹಕ್ಕಿಗಳು. ಹೊರಗೆ ಹಿಮ ಬೀಳಲಿ, ಬಿಸಿಲು ಕಾಯಲಿ, ಒಳಗೆ ವರ್ಷವಿಡೀ ಒಂದೇ ವಸಂತ.

ಪರದೇಶಿಯೊಬ್ಬ ತನ್ನೂರಿನ ನೆನಪಿಗೆ ಕಟ್ಟಿದ ಚೌಕ ಅದು. ಆದರೆ ಚೌಕದ ಹಂಬಲ ಅವನದು. ಹಣ ಹೂಡಿದವರ ಹಂಬಲ ಬೇರೆ. ಅವನ ಯೋಜನೆಯಲ್ಲಿ ಸುತ್ತಲೂ ಮನೆ, ಶಾಲೆ, ಆಸ್ಪತ್ರೆ, ಉದ್ಯಾನಗಳಿರಬೇಕಿತ್ತು. ಬಂಡವಾಳದವರಿಗೆ ಬೇಕಾದದ್ದು ಅಂಗಡಿ ಮತ್ತು ಕಾರು ನಿಲ್ಲಿಸುವ ಬಯಲು. ಅಷ್ಟೇ ಉಳಿಯಿತು. ಗ್ರೂಯೆನ್ 1968ರಲ್ಲಿ ವಿಯೆನ್ನಾಕ್ಕೆ ಮರಳಿದ. ಕೆಲವೇ ವರ್ಷಗಳಲ್ಲಿ ಆ ನಗರದ ಅಂಚಿನಲ್ಲೇ ದೈತ್ಯ ಮಾಲೊಂದು ಎದ್ದಿತು. 1980ರಲ್ಲಿ ತೀರಿಕೊಳ್ಳುವ ಮೊದಲು, ಈ ಕೂಸುಗಳಿಗೆಲ್ಲ ತಾನು ಅಪ್ಪನಲ್ಲ ಎಂದು ಆತ ಬಹಿರಂಗವಾಗಿಯೇ ಹೇಳಿದ.

ಆದರೂ ಮಾಲಿನ ಕಸುಬುದಾರರು ಒಂದು ಗುಟ್ಟಿಗೆ ಆತನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಒಂದು ವಸ್ತು ಕೊಳ್ಳಲೆಂದು ಒಳಬಂದ ಮನುಷ್ಯ ಬೆಳಕು, ಸದ್ದು, ತಂಪು, ಸುವಾಸನೆಗಳ ನಡುವೆ ಬಂದ ಕೆಲಸವನ್ನು ಮರೆತು ಸುಮ್ಮನೆ ಅಲೆಯತೊಡಗುವ ಗಳಿಗೆ ಒಂದಿದೆಯಲ್ಲ, ಅದು 'ಗ್ರೂಯೆನ್ ಗಳಿಗೆ'. ಅದನ್ನು ಹತ್ತಿರ ತರುವುದಕ್ಕಾಗಿಯೇ ಹೆಚ್ಚಿನ ಮಾಲುಗಳಲ್ಲಿ ಹೊರಗಿನ ಬೆಳಕು ಕಾಣುವ ಕಿಟಕಿಗಳು ಕಡಿಮೆ, ಗೋಡೆ ಗಡಿಯಾರಗಳು ಇನ್ನೂ ಕಡಿಮೆ. ಜನರನ್ನು ಎಳೆಯುವ ದೊಡ್ಡ ಅಂಗಡಿಗಳನ್ನು ಎರಡು ತುದಿಗಳಲ್ಲಿಟ್ಟು ನಡುವೆ ಸಣ್ಣವನ್ನು ಜೋಡಿಸಿರುತ್ತಾರೆ. ಮಕ್ಕಳ ಆಟದ ಜಾಗ, ಊಟದ ಅಂಗಳ, ಸಿನಿಮಾ ಮಂದಿರಗಳು ಸಾಮಾನ್ಯವಾಗಿ ಮೇಲಿನ ಮಹಡಿಯಲ್ಲಿ. ಮಗು ಆಟಕ್ಕೆಂದು ಹಟ ಹಿಡಿದರೆ ಅಪ್ಪ ಅವ್ವ ಅಷ್ಟೂ ಅಂಗಡಿಗಳ ಮುಂದೆ ಹಾದೇ ಹೋಗಬೇಕು. ಎರಡು ತಾಸು ಕಳೆದದ್ದು ಗೊತ್ತಾಗುವುದು ಮಗು ಹಸಿದು ಅತ್ತಾಗಲೇ. ಆಗ ಕಣ್ಣೆದುರಿಗಿರುವುದು ಊಟದ ಅಂಗಳ. ಬಿಚ್ಚಬಾರದೆಂದುಕೊಂಡ ಗಂಟು ಬಿಚ್ಚುವುದು ಅಲ್ಲಿ.

ಊರಿನ ಮಗುವಿಗೆ ಮಾಲಿನಲ್ಲಿ ಮೊದಲು ಬೆರಗು ಹುಟ್ಟಿಸುವುದು ಅಂಗಡಿಯಲ್ಲ, ತಾನೇ ಏರುವ ಮೆಟ್ಟಿಲು. ಅದರ ಬುಡದಲ್ಲಿ ನಿಂತು, ಒಂದು ಕಾಲು ಮುಂದಿಟ್ಟು ಹಿಂದೆಳೆದುಕೊಳ್ಳುವ ತಾಯಂದಿರನ್ನು ಯಾವ ಭಾನುವಾರ ಹೋದರೂ ಕಾಣಬಹುದು. ಮಕ್ಕಳು ಆಗಲೇ ಮೇಲೇರಿ ಕೈಬೀಸುತ್ತಿರುತ್ತವೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. 1898ರಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಲ್ಲಿ ಚಲಿಸುವ ಮೆಟ್ಟಿಲನ್ನು ಹಾಕಿದಾಗ ಮೇಲೆ ಮುಟ್ಟಿ ಗಾಬರಿಗೊಂಡ ದೊರೆಸಾನಿಗಳಿಗೆ ಚೇತರಿಸಿಕೊಳ್ಳಲು ಬ್ರಾಂದಿ ಕೊಡುತ್ತಿದ್ದರಂತೆ. ಅದಕ್ಕೂ ಎರಡು ವರ್ಷ ಮೊದಲು, 1896ರಲ್ಲಿ, ಜೆಸ್ಸಿ ರೆನೋ ಎಂಬಾತ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಇಂಥದ್ದನ್ನು ನಿಲ್ಲಿಸಿದ್ದ. ಅದು ಅಂಗಡಿಯಲ್ಲ, ಜನ ಮೋಜಿಗೆಂದು ಬರುವ ವಿನೋದದ ತಾಣ. ಅಂದರೆ ಈ ಮೆಟ್ಟಿಲು ಹುಟ್ಟಿದ್ದೇ ಜಾತ್ರೆಯ ತೊಟ್ಟಿಲಿನ ಓರಗೆಯದಾಗಿ. ಅದನ್ನು ಆಟವೆಂದೇ ಬಗೆದು ಏರಿಳಿಯುವ ಮಗು ಅದರ ಚರಿತ್ರೆಯನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದೆ.

ಊರಿನ ಸಂತೆಯಲ್ಲಿ ಮಗುವಿನ ಸ್ಥಾನ ಬೇರೆಯದು. ಕೊಟ್ಟೂರು, ಹಗರಿಬೊಮ್ಮನಹಳ್ಳಿಯಂಥ ಊರುಗಳಿಗೆ ಒಂದೊಂದಕ್ಕೂ ತನ್ನದೇ ಸಂತೆಯ ವಾರವಿದೆ. ವ್ಯಾಪಾರಿಗಳು ವಾರವೆಲ್ಲ ಒಂದರಿಂದ ಇನ್ನೊಂದಕ್ಕೆ ಸುತ್ತುತ್ತಾರೆ. ಬಂದ ಗಿರಾಕಿ ಯಾರ ಮಗಳು, ಯಾರ ಸೊಸೆ ಎಂಬುದು ಕಾಯಿಪಲ್ಲೆಯವಳಿಗೆ ಗೊತ್ತಿರುತ್ತದೆ. 'ಬಾ ಯಕ್ಕಾ, ಕೂಸು ಬಾಳ ಸೊರಗೇತಲ್ಲ' ಎಂದೇ ವ್ಯಾಪಾರ ಶುರುವಾಗುವುದು. ಚೌಕಾಸಿಯೆಲ್ಲ ಮುಗಿದು ತೂಕವಾದ ಮೇಲೆ ಒಂದು ಹಿಡಿ ಮೆಣಸಿನಕಾಯಿಯೋ, ನಾಲ್ಕು ಎಸಳು ಕರಿಬೇವೋ, ಮಗುವಿನ ಕೈಗೊಂದು ಎಳೆ ಸೌತೆಯೋ ಬೀಳುತ್ತದೆ. ಅದಕ್ಕೆ ಕೊಸರು ಎಂದು ಹೆಸರು. ಕೊಸರು ಕೇಳಿ ಪಡೆಯುವ ಹಕ್ಕು, ಇಲ್ಲವೆಂದರೆ ಮುನಿಯುವ ಹಕ್ಕು. ಕಾಳು ಅಳೆಯುವವರು ಮೊದಲ ಸೇರನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವುದನ್ನು ಮಗು ಅಲ್ಲೇ ಕೇಳಿಸಿಕೊಳ್ಳುತ್ತದೆ. ಲಾಭ, ಎರಡು, ಮೂರು. ದುಡ್ಡಿನ ಲೆಕ್ಕ, ತೂಕದ ಮೋಸ, ಮಾತಿನ ವರಸೆ, ಬೆಲೆ ಇಳಿಯದಿದ್ದಾಗ ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕರೆಸಿಕೊಳ್ಳುವ ನಾಟಕ, ಇವಕ್ಕೆಲ್ಲ ಅವ್ವನ ಸೆರಗು ಹಿಡಿದು ನಿಂತ ಮಗು ಸಾಕ್ಷಿ. ಅದು ಒಂದು ಶಾಲೆಯೇ.

ಮಾಲಿನಲ್ಲಿ ಬೆಲೆ ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಯಾರೂ ಬಾಯಿ ಬಿಡುವ ಹಾಗಿಲ್ಲ. ನಿಗದಿತ ಬೆಲೆಯ ಈ ಪದ್ಧತಿ ಹಲವು ಕಡೆ ಮೊಳೆತದ್ದಾದರೂ ಅದನ್ನೊಂದು ದೊಡ್ಡ ವ್ಯವಹಾರವನ್ನಾಗಿ ಮಾಡಿದವರಲ್ಲಿ ಪ್ಯಾರಿಸ್ಸಿನ ಅರಿಸ್ಟೀಡ್ ಬೂಸಿಕೋ ಮುಖ್ಯ. 1852ರಲ್ಲಿ ಬೋನ್ ಮಾರ್ಷೆ ಎಂಬ ಅಂಗಡಿಗೆ ಪಾಲುದಾರನಾಗಿ ಬಂದ ಆತ ಮೂರು ಸೂತ್ರಗಳನ್ನು ಹಿಡಿದ. ಬೆಲೆ ಎಲ್ಲರಿಗೂ ಒಂದೇ, ಒಳಗೆ ಬಂದವರು ಕೊಳ್ಳಲೇಬೇಕೆಂದಿಲ್ಲ, ಬೇಡವಾದ ಮಾಲನ್ನು ಹಿಂದಿರುಗಿಸಬಹುದು. ಅದರ ಜೊತೆಗೆ ಇನ್ನೊಂದು ಚಾಣಾಕ್ಷತನ. ತಾಯಂದಿರ ಜೊತೆ ಬಂದ ಮಕ್ಕಳ ಕೈಗೆ ಬಲೂನು, ಬಣ್ಣದ ಚಿತ್ರದ ಚೀಟಿಗಳನ್ನು ಪುಕ್ಕಟೆಯಾಗಿ ಕೊಡುವುದು. ಮಗು ಮತ್ತೆ ಅಲ್ಲಿಗೇ ಹೋಗೋಣವೆಂದು ಹಟ ಮಾಡುತ್ತದೆ, ತಾಯಿ ಬರುತ್ತಾಳೆ. ನೋಡುವುದಕ್ಕೆ ಇದೂ ಕೊಸರೇ. ಆದರೆ ಸಂತೆಯ ಕೊಸರು ವ್ಯಾಪಾರ ಮುಗಿದ ಮೇಲಿನ ಪ್ರೀತಿ, ಬಲೂನು ವ್ಯಾಪಾರಕ್ಕೆ ಮೊದಲೇ ಹಾಕಿದ ಗಾಳ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಹೊಸಬನ ಪಾಲಿಗೆ ಅಚ್ಚಾದ ಬೆಲೆ ದೊಡ್ಡ ಉಪಕಾರ. ಸಂತೆಯಲ್ಲಿ ಪರಿಚಯ ಇದ್ದವನಿಗೆ ಒಂದು ಬೆಲೆ, ಪರವೂರಿನವನಿಗೆ ಇನ್ನೊಂದು. ಭಾಷೆ ಬಾರದವನಿಗೆ, ಮೈಮೇಲಿನ ಬಟ್ಟೆ ನೋಡಿ, ಜಾತಿ ಕೇಳಿ, ಕೈಯಳತೆಯ ದೂರದಲ್ಲಿ ನಿಲ್ಲಿಸಿ ಮಾರುತ್ತಿದ್ದ ಕಾಲವೂ ಇತ್ತು. ಅಚ್ಚಾದ ಚೀಟಿ ಯಾರ ಮುಖವನ್ನೂ ನೋಡುವುದಿಲ್ಲ. ಭಾರತದಲ್ಲಿ ಪೊಟ್ಟಣದ ಸಾಮಾನುಗಳ ಮೇಲೆ ತೆರಿಗೆ ಸೇರಿದ ಗರಿಷ್ಠ ಬೆಲೆಯನ್ನು ಅಚ್ಚು ಹಾಕಬೇಕೆಂಬ ನಿಯಮ ಬಂದದ್ದು 1990ರಲ್ಲಿ. ಒಂದೇ ಪೊಟ್ಟಣಕ್ಕೆ ಹೊರಗಿನ ಅಂಗಡಿಯಲ್ಲೊಂದು, ಮಾಲಿನಲ್ಲೊಂದು ಗರಿಷ್ಠ ಬೆಲೆ ಅಚ್ಚು ಹಾಕುವಂತಿಲ್ಲ ಎಂಬ ತಿದ್ದುಪಡಿ 2018ರ ಜನವರಿ 1ರಿಂದ ಜಾರಿಗೆ ಬಂತು. ಹೊಟೇಲುಗಳಲ್ಲಿ ಕೂತು ಕುಡಿಯುವ ನೀರಿನ ಬಾಟಲಿಗೆ ಮಾತ್ರ ಈ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿತು. ಬಾಯಾರಿದ ಮಗುವಿನೊಡನೆ ಹೋಗುವವರು ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು. ನೀರಿನ ಬಾಟಲಿಯನ್ನು ಮನೆಯಿಂದಲೇ ಒಯ್ಯುವುದು ಇನ್ನೂ ಒಳ್ಳೆಯದು.

ಮಾಲನ್ನು ಸಂತೆಗೆ ಹೋಲಿಸುವುದಕ್ಕಿಂತ ಜಾತ್ರೆಗೆ ಹೋಲಿಸುವುದೇ ಸರಿಯೇನೋ. ಸಂತೆಗೆ ಹೋಗುವುದು ಬೇಕಾದದ್ದನ್ನು ತರಲು. ಜಾತ್ರೆಗೆ ಹೋಗುವುದು ಹೋಗುವುದಕ್ಕಾಗಿ. ಫೆಬ್ರುವರಿ, ಮಾರ್ಚ್ ಸುಮಾರಿಗೆ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು ಎಳೆಯುವಾಗ ದಾವಣಗೆರೆಯ ಕಡೆಯಿಂದಲೂ ಜನ ನಡೆದೇ ಬರುತ್ತಾರೆ. ಹಾದಿಯುದ್ದಕ್ಕೂ ಅವರಿಗೆ ಅನ್ನ, ಮಜ್ಜಿಗೆ ಹಂಚುವವರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬಂದ ಕುಟುಂಬಗಳು ಬಯಲಲ್ಲೇ ಒಲೆ ಹೂಡಿ ದಿನಗಟ್ಟಲೆ ತಂಗುತ್ತವೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತು ಆ ವರ್ಷದ ಕಾರಣಿಕದ ಒಂದೇ ಒಂದು ಸಾಲನ್ನು ಕೇಳುತ್ತಾರೆ. ಅಪ್ಪನ ಹೆಗಲ ಮೇಲೆ ಕೂತ ಮಗುವಿಗೆ ಕಾರಣಿಕದ ಅರ್ಥ ತಿಳಿಯದಿದ್ದರೂ ಆ ಮೌನ ನೆನಪಿನಲ್ಲಿ ಉಳಿಯುತ್ತದೆ. ಮಾಲಿನಲ್ಲಿ ಬೇಕಾದಷ್ಟು ಬೆಳಕಿದೆ, ಹಾಡಿದೆ. ಅಂಥದ್ದೊಂದು ಮೌನವನ್ನು ಮಾತ್ರ ಯಾರೂ ಅಲ್ಲಿ ತಂದಿಡಲಾರರು.

ಜಾತ್ರೆಯ ದಿನ ಮನೆಯ ಹಿರಿಯರು, ಬಂದ ನೆಂಟರು ಮಕ್ಕಳ ಕೈಗೆ ಖರ್ಚಿಗೆಂದು ಕಾಸು ಕೊಡುವುದು ವಾಡಿಕೆ. ಆ ಕಾಸಿಗೆ ಮಗುವೇ ಯಜಮಾನ. ಪೀಪಿ ಕೊಳ್ಳಬೇಕೋ, ತೊಟ್ಟಿಲು ಹತ್ತಬೇಕೋ, ಮಿರ್ಚಿ ಮಂಡಕ್ಕಿ ತಿನ್ನಬೇಕೋ ಎಂಬ ಸಂಕಟವೂ ಅದರದೇ. ಹೊರಡುವ ಮುನ್ನ ಅವ್ವ ಪಳಾರ ಕಟ್ಟಿಸುತ್ತಾಳೆ. ಮಂಡಕ್ಕಿ, ಖಾರ, ಬೆಂಡು ಬತ್ತಾಸು, ಉತ್ತತ್ತಿ. ಊರಿಗೆ ಬಂದ ಮೇಲೆ ಜಾತ್ರೆಗೆ ಬರಲಾಗದ ಮುದುಕಿಗೆ, ಬಾಣಂತಿಗೆ, ಓಣಿಯ ನಾಲ್ಕು ಮನೆಗೆ ಅದನ್ನು ಹಂಚಿಬರುವ ಕೆಲಸ ಮಕ್ಕಳದು. ಹೋದವರು ಹೋಗದವರಿಗೆ ಜಾತ್ರೆಯ ಪಾಲನ್ನು ತಂದುಕೊಡಬೇಕೆಂಬುದು ಅಲ್ಲಿನ ಬರೆಯದ ಕಟ್ಟಳೆ. ಮಾಲಿನಿಂದ ಯಾರಿಗೂ ಪಳಾರ ಬರುವುದಿಲ್ಲ. ಶೆಡ್ಡಿನ ಪಕ್ಕದ ಮನೆಯ ಮಗುವಿಗೆ ತಿಳಿದರೆ ಅದೂ ಹಟ ಮಾಡೀತೆಂದು ಹೋಗಿಬಂದದ್ದನ್ನು ಮುಚ್ಚಿಡುವುದೇ ಹೆಚ್ಚು.

ಹೊಸ ಊರಿನ ಪೇಟೆಗೆ ಬೆರಗಾಗುವುದು ಈ ಸೀಮೆಗೆ ಹೊಸತಲ್ಲ. 1443ರಲ್ಲಿ ಪರ್ಷಿಯಾದಿಂದ ಬಂದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರದ ಅರಮನೆಯ ಬಳಿಯ ಬಜಾರುಗಳನ್ನು, ಅವುಗಳ ಎತ್ತರದ ಕಮಾನುಗಳನ್ನು, ಎಲ್ಲೆಲ್ಲೂ ಮಾರುತ್ತಿದ್ದ ಗುಲಾಬಿ ಹೂಗಳನ್ನು ಕಂಡು ಮೂಕನಾದ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ನಗರದ ಒಂದೊಂದು ಭಾಗದಲ್ಲಿ ಒಂದೊಂದು ದಿನ ಸಂತೆ ಕೂಡುವುದನ್ನು ಬರೆದಿಟ್ಟಿದ್ದಾನೆ. ಆ ಬಜಾರುಗಳ ಕಲ್ಲುಕಂಬದ ಸಾಲು ಇಂದಿಗೂ ಹಂಪಿಯಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದ ಮೇಲೆ ಹಂಪಿಯೂ ಈ ಐದು ತಾಲ್ಲೂಕುಗಳೂ ಒಂದೇ ಜಿಲ್ಲೆಯಲ್ಲಿವೆ. ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ತಾಂಡಾಗಳಿಂದ ಗುಳೆ ಹೋಗುವ ಲಂಬಾಣಿಗರ ಹಿರಿಯರಂತೂ ಎತ್ತಿನ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶವೆಲ್ಲ ಸುತ್ತಿದವರು. 1791-92ರಲ್ಲಿ ಟಿಪ್ಪುವಿನ ಮೇಲೆ ಏರಿಬಂದ ಕಾರ್ನ್‌ವಾಲಿಸನ ಸೇನೆಗೆ ಕಾಳು ಒದಗಿಸಿದವರಲ್ಲಿ ಈ ಹೇರೆತ್ತಿನ ಜನ ಮುಖ್ಯರು. ಪೇಟೆಯನ್ನೇ ಬೆನ್ನ ಮೇಲೆ ಹೊತ್ತು ನಡೆದವರ ಮೊಮ್ಮಕ್ಕಳು ಇಂದು ಪೇಟೆಯ ಬಾಗಿಲಲ್ಲಿ ನಿಂತು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಅನುಮಾನಿಸುತ್ತಾರೆ.

1953ರವರೆಗೆ ಬಳ್ಳಾರಿ ಸೀಮೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಆಗ ಇಲ್ಲಿಂದ ಓದಲು, ಕಚೇರಿ ಕೆಲಸಕ್ಕೆ ಹೋದವರಿಗೆ ದೊಡ್ಡ ಊರೆಂದರೆ ಮದರಾಸು, ದೊಡ್ಡ ಪೇಟೆಯೆಂದರೆ ಸೆಂಟ್ರಲ್ ನಿಲ್ದಾಣದ ಪಕ್ಕದ ಮೂರ್ ಮಾರ್ಕೆಟ್ಟು. 1900ರಲ್ಲಿ ತೆರೆದು 1985ರಲ್ಲಿ ಬೆಂಕಿಗೆ ಆಹುತಿಯಾದ ಆ ಕೆಂಪು ಕಟ್ಟಡದಲ್ಲಿ ಹಳೆಯ ಪುಸ್ತಕದಿಂದ ಹಿಡಿದು ಗೊಂಬೆ, ಗಿಳಿಯವರೆಗೆ ಎಲ್ಲ ಸಿಗುತ್ತಿತ್ತು. ಬೆಂಗಳೂರಿಗೆ ಮಾಲು ಬಂದದ್ದು ತೀರ ಈಚೆಗೆ. 2004ರಲ್ಲಿ ಕೋರಮಂಗಲದ ಫೋರಂ ತೆರೆದಾಗ ಅದೊಂದು ಪ್ರವಾಸಿ ತಾಣವೇ ಆಗಿತ್ತು. ಮಲ್ಲೇಶ್ವರದ ಬಳಿ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಬಂತು. ನೂಲುವ ಕೆಲಸಕ್ಕೆ ಹಳ್ಳಿಯ ಜನರನ್ನು ಬರಮಾಡಿಕೊಂಡಿದ್ದ ನೆಲ ಈಗ ಕೊಳ್ಳುವ ಕೆಲಸಕ್ಕೆ ಬರಮಾಡಿಕೊಳ್ಳುತ್ತಿದೆ. ಮುಂಬಯಿಯ ಫೀನಿಕ್ಸ್ ಮಿಲ್ಲಿನ ಪಾಡೂ ಇದೇ.

ಬಾಗಿಲಿನ ಅನುಮಾನ ಬರೀ ಕಲ್ಪನೆಯಲ್ಲ. 2024ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ವಯಸ್ಸಾದ ರೈತರೊಬ್ಬರು ಬೆಂಗಳೂರಿನಲ್ಲಿದ್ದ ಮಗನೊಡನೆ ಸಿನಿಮಾ ನೋಡಲು ಮಾಗಡಿ ರಸ್ತೆಯ ಮಾಲೊಂದಕ್ಕೆ ಹೋದರು. ಟಿಕೆಟ್ ಕೈಯಲ್ಲಿತ್ತು. ಉಟ್ಟದ್ದು ಪಂಚೆ ಎಂಬ ಕಾರಣಕ್ಕೆ ಬಾಗಿಲಲ್ಲೇ ತಡೆದರು. ಹಾವೇರಿ ಎಂದರೆ ಹಡಗಲಿಗೆ ಹೊಳೆಯ ಆಚೆ ದಡ. ಸುದ್ದಿ ಹಬ್ಬಿ, ರೈತರು, ಕನ್ನಡ ಸಂಘಟನೆಗಳವರು ಪಂಚೆಯುಟ್ಟೇ ಹೋಗಿ ಪ್ರತಿಭಟಿಸಿದರು. ಮಾಲಿನವರು ಕ್ಷಮೆ ಕೇಳಿದರು. ವಿಧಾನಸಭೆಯಲ್ಲಿ ಚರ್ಚೆಯಾಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಆ ಮಗ ಮಾಡಹೊರಟದ್ದು ದೊಡ್ಡದೇನಲ್ಲ. ಚಿಕ್ಕಂದಿನಲ್ಲಿ ತನ್ನನ್ನು ಜಾತ್ರೆಗೆ ಕರೆದೊಯ್ದವನಿಗೆ ಬೆಂಗಳೂರಿನ ಜಾತ್ರೆ ತೋರಿಸುವುದು. ತಲೆಕೆಳಗಾದ ಈ ಕರೆದೊಯ್ಯುವಿಕೆ ಗುಳೆಯ ಕುಟುಂಬಗಳಲ್ಲಿ ಹೆಚ್ಚು. ಅಲ್ಲಿ ಭಾಷೆ, ಫಲಕ, ಲಿಫ್ಟಿನ ಗುಂಡಿ ಎಲ್ಲವನ್ನೂ ಓದಿ ಹೇಳುವುದು ಮಕ್ಕಳೇ.

ಮಾಲು ಎಂಬುದು ಬೀದಿಯಂತೆ ಕಾಣುವ ಖಾಸಗಿ ಮನೆ. ತೊಡಕು ಇರುವುದು ಅಲ್ಲೇ. ಬೀದಿಯಲ್ಲಿ, ಸಂತೆಯ ಮಾಳದಲ್ಲಿ, ತೇರಿನ ಪಾದಗಟ್ಟೆಯಲ್ಲಿ ನಿಲ್ಲುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮಾಲಿನಲ್ಲಿ ಯಾರಿಗೆ ಎಷ್ಟು ಹೊತ್ತು ಜಾಗ ಎಂಬುದನ್ನು ಮಾಲೀಕ ತೀರ್ಮಾನಿಸುತ್ತಾನೆ. ಮಿನೆಸೋಟಾದಲ್ಲಿ 1992ರಲ್ಲಿ ತೆರೆದ ಮಾಲ್ ಆಫ್ ಅಮೆರಿಕದ ಹೊಟ್ಟೆಯೊಳಗೆ ಒಂದು ಇಡೀ ವಿನೋದ ಉದ್ಯಾನವೇ ಇದೆ. ಮಕ್ಕಳೆಂದರೆ ಅದಕ್ಕೆ ಪ್ರಾಣ. ಅದೇ ಮಾಲು 1996ರಿಂದ, ಶುಕ್ರವಾರ ಶನಿವಾರಗಳ ಸಂಜೆ 16 ವರ್ಷದೊಳಗಿನವರು ದೊಡ್ಡವರ ಜೊತೆಯಿಲ್ಲದೆ ಬರಕೂಡದೆಂದು ಕಟ್ಟುಮಾಡಿತು. ತಂದೆ ತಾಯಿಯ ಜೊತೆ ಬಂದರೆ ಮಗು ಗಿರಾಕಿ, ಗೆಳೆಯರ ಜೊತೆ ಬಂದರೆ ತಂಟೆ. ಮೆಕ್ಸಿಕೊದಲ್ಲಿ 1999ರಲ್ಲಿ ಶುರುವಾಗಿ 2010ರಲ್ಲಿ ದುಬೈಗೆ, 2013ರಲ್ಲಿ ಮುಂಬಯಿಗೆ ಬಂದ ಕಿಡ್ಜಾನಿಯಾ ಎಂಬ ಆಟದ ನಗರದಲ್ಲಿ ಮಕ್ಕಳು ವೈದ್ಯ, ವಿಮಾನ ಚಾಲಕ, ಬೆಂಕಿ ಆರಿಸುವವರ ವೇಷ ಹಾಕಿ ದುಡಿಯುವ ಆಟ ಆಡುತ್ತಾರೆ. ಅದಕ್ಕೆ ಆಟದ ನೋಟಿನಲ್ಲಿ ಕೂಲಿಯೂ ಉಂಟು. ಕಟ್ಟಡದ ಸೈಟಿನಲ್ಲಿ ತಂಗಿಯನ್ನು ಸೊಂಟದ ಮೇಲೆ ಹೊತ್ತು ನಿಂತ ಎಂಟು ವರ್ಷದ ಹುಡುಗಿಗೆ ಅದು ಎಂಥ ಆಟವೆಂದು ವಿವರಿಸಿ ಹೇಳುವುದು ಕಷ್ಟ.

ಇಷ್ಟಾದರೂ ಆ ಹುಡುಗಿಯ ತಾಯಿ ಮಾಲಿಗೆ ಹೋಗುವುದಕ್ಕೆ ಕಾರಣಗಳಿವೆ, ಅವನ್ನು ಹಗುರವಾಗಿ ಕಾಣುವಂತಿಲ್ಲ. ಬೆಂಗಳೂರಿನ ಉದ್ಯಾನಗಳು ಬಹುಕಾಲ ನಡುಹಗಲು ಬೀಗ ಹಾಕಿಕೊಳ್ಳುತ್ತಿದ್ದವು. ಬೆಳಗಿನಿಂದ ರಾತ್ರಿಯವರೆಗೆ ತೆರೆದಿಡುವ ತೀರ್ಮಾನವಾದದ್ದು 2024ರಲ್ಲಿ. ಹೆಣ್ಣುಮಕ್ಕಳಿಗೆ ಚೊಕ್ಕಟವಾದ, ಬಾಗಿಲಿರುವ, ನೀರಿರುವ ಶೌಚಾಲಯ ನಗರದಲ್ಲಿ ಪುಕ್ಕಟೆಯಾಗಿ ಎಲ್ಲಿದೆ ಎಂದು ಹುಡುಕಿದವರಿಗೇ ಗೊತ್ತು. ಮಗು ಕೈತಪ್ಪಿದರೆ ಬಾಗಿಲಲ್ಲಿ ಕಾವಲಿನವರಿದ್ದಾರೆ, ಧ್ವನಿವರ್ಧಕವಿದೆ. ಜಾತ್ರೆಯಲ್ಲಿ ಪೊಲೀಸ್ ಚೌಕಿಯ ಮೈಕಿನಲ್ಲಿ ಕೇಳಿಬರುತ್ತಿದ್ದ ಅದೇ ಕೂಗು, ಸ್ವಲ್ಪ ನಯವಾದ ದನಿಯಲ್ಲಿ. ಜಾತ್ರೆಯೇನೂ ಅಪಾಯವಿಲ್ಲದ ಜಾಗವಲ್ಲ. 2017ರ ಫೆಬ್ರುವರಿ 21ರಂದು ಕೊಟ್ಟೂರಿನ ತೇರೇ ಉರುಳಿ ಜನ ಗಾಯಗೊಂಡರು. ಇನ್ನೊಂದು ಕಾರಣವೂ ಇದೆ. ಶಾಲೆಯಲ್ಲಿ, ಅದು ಗುಳೆಯ ಮಕ್ಕಳಿಗಾಗಿ ನಡೆಸುವ ಟೆಂಟ್ ಶಾಲೆಯೇ ಇರಲಿ, ಸೋಮವಾರ ಬೆಳಿಗ್ಗೆ 'ನಾನೂ ನೋಡೀನಿ' ಎನ್ನುವುದಕ್ಕೆ ಮಗುವಿಗೆ ಏನಾದರೂ ಬೇಕು. ಹೊಸ ಊರಿನಲ್ಲಿ ಆ ಒಂದು ಮಾತಿನ ಬೆಲೆ ದೊಡ್ಡದು. ಮಾಲಿಗೆ ಹೋಗಿ ಬರಿಗೈಯಲ್ಲಿ ಬಂದ ಕುಟುಂಬ ಏನನ್ನೂ ಕೊಂಡಿಲ್ಲ ಎಂದರೆ ತಪ್ಪಾದೀತು.

ಹೀಗೆ ಹೋಗುವವರ ಅನುಭವದಿಂದ ಹುಟ್ಟಿದ ಜಾಣತನಗಳೂ ಇವೆ. ಹೊಟ್ಟೆ ತುಂಬಾ ಉಣಿಸಿಯೇ ಕರೆದೊಯ್ಯುವುದು. ಆಟದ ಅಂಗಳದಲ್ಲಿ ಮೊದಲೇ ದುಡ್ಡು ತುಂಬಿಸುವ ಕಾರ್ಡನ್ನು ಮುಟ್ಟದಿರುವುದು, ಏಕೆಂದರೆ ಕಾರ್ಡಿನಲ್ಲಿ ಖರ್ಚಾಗುವ ದುಡ್ಡು ದುಡ್ಡಿನಂತೆ ಕಾಣುವುದಿಲ್ಲ. ಜಾತ್ರೆಯಲ್ಲಿ ಕೊಡುತ್ತಿದ್ದಂತೆ ಮಗುವಿನ ಕೈಗೇ ಇಷ್ಟೆಂದು ಕಾಸು ಕೊಟ್ಟು, ಅದು ಮುಗಿದರೆ ಮುಗಿಯಿತೆಂದು ಹೇಳಿಬಿಡುವುದು. ಈ ಕೊನೆಯದನ್ನು ದುಬೈಯ ಹದಿನೆಂಟನೇ ಮಹಡಿಯವರೂ ಎರವಲು ಪಡೆಯಬಹುದು.

ಕೈಚೀಲದ ಮಾತು ಒಂದು ಉಳಿದಿದೆ. ಅಂಗಡಿಯವರು ಪುಕ್ಕಟೆ ಕೊಡುತ್ತಿದ್ದ ಕಾಗದದ ಚೀಲವೇ ಮಾಲಿನಲ್ಲಿ ಉಳಿದಿದ್ದ ಕಟ್ಟಕಡೆಯ ಕೊಸರು. ಅದಕ್ಕೂ ಬೆಲೆ ಹಾಕತೊಡಗಿದಾಗ ಗ್ರಾಹಕರು ವೇದಿಕೆಗಳ ಮೆಟ್ಟಿಲು ಹತ್ತಿದರು. ಮೊದಲೇ ತಿಳಿಸದೆ, ಹಣ ಕೊಡುವ ಕಟ್ಟೆಯಲ್ಲಿ ಚೀಲಕ್ಕೆ ದುಡ್ಡು ಕೇಳುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಕೊಸರಾಡಿಯೇ ಪಡೆದ ಕೊಸರು. ಅಂಥ ದಪ್ಪ ಕಾಗದದ ಚೀಲವೊಂದು ಹೇಗೋ ಶೆಡ್ಡಿಗೆ ಬಂದರೆ ಅದನ್ನು ಯಾರೂ ಎಸೆಯುವುದಿಲ್ಲ. ತಗಡಿನ ಗೋಡೆಯ ಮೊಳೆಗೆ ನೇತುಬಿದ್ದು ಅದರಲ್ಲಿ ಮಗುವಿನ ಪಾಟಿ, ಪುಸ್ತಕ ಸೇರುತ್ತವೆ. ಮುಂಗಾರು ಹನಿಯುವ ಹೊತ್ತಿಗೆ ಊರಿನ ಬಸ್ಸು ಹತ್ತುವಾಗಲೂ ಅದು ಜೊತೆಗಿರುತ್ತದೆ. ಮುಂದಿನ ವಾರ ಕೊಟ್ಟೂರಿನ ಸಂತೆಯಲ್ಲಿ ಅದೇ ಚೀಲಕ್ಕೆ ಒಂದು ಕಿಲೋ ಉಳ್ಳಾಗಡ್ಡಿ, ಮೇಲೊಂದು ಹಿಡಿ ಮೆಣಸಿನಕಾಯಿ.